ಮೊದಲು ಒಂದೇ ಬಾಕ್ಸಿನಲ್ಲಿ ಕೇಳೋಣ

(ಮಡಿಕೇರಿಯಲ್ಲಿ ಹಾಡುಗಾರರು, ಮನೆಯಲ್ಲೇ ರೆಕಾರ್ಡಿಂಗ್ ಮಾಡುವ ಹುಡುಗ ಹುಡುಗಿಯರು, ಮೈಕ್ ಸೆಟ್ ನಡೆಸುವವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹಾಡು ಹಾಕಿ ತೋರಿಸಿದ ಕಡೆಗಳಲ್ಲಿ ಇಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಎರಡು ಸ್ಪೀಕರ್ ಇಟ್ಟು, ಎರಡರಿಂದಲೂ ಸಮ ದೂರದಲ್ಲಿ, ಸರಿಯಾಗಿ ನಡುವೆ ಕೂತು ನೀವು ಒಂದು ಪೂರ್ತಿ ಹಾಡು ಕೇಳಿದ್ದು ಯಾವಾಗ? ಕೈ ಎತ್ತಿ ನೋಡೋಣ. ಕೆಲವೇ ಕೈಗಳು. ಅದರಲ್ಲೂ ಹೆಚ್ಚಿನವರು ನನ್ನ ಹಾಗೆ ಇದೇ ಕಸುಬಿನವರು.

ಉಳಿದವರು ಹಾಡು ಕೇಳುವುದಿಲ್ಲ ಅಂತಲ್ಲ. ದಿನವಿಡೀ ಕೇಳುತ್ತೀರಿ. ಅಡುಗೆಮನೆ ಕಿಟಕಿಯಲ್ಲಿ ಇಟ್ಟ ಫೋನಿನಲ್ಲಿ. ತೋಟದಲ್ಲಿ ಕಾಫಿ ಕೊಯ್ಯುವಾಗ ಗಿಡದ ಕೊಂಬೆಗೆ ನೇತುಹಾಕಿದ ಬ್ಲೂಟೂತ್ ಸ್ಪೀಕರಿನಲ್ಲಿ. ಜೀಪಿನಲ್ಲಿ. ಹಾಕಿ ಮೈದಾನದ ಹಾರ್ನ್‌ಗಳಲ್ಲಿ. ಮದುವೆ ದಿನ ಕೊಡವ ಸಮಾಜದ ಹಾಲಿನಲ್ಲಿ. ಬೆಳಿಗ್ಗೆ ಆಕಾಶವಾಣಿ ಮಡಿಕೇರಿ ಹಾಕಿದರೆ ಒಂದೇ ಸ್ಪೀಕರಿನ ಸಣ್ಣ ರೇಡಿಯೋದಲ್ಲಿ. ಇವುಗಳಲ್ಲಿ ಹೆಚ್ಚಿನವು ಮೋನೋ, ಅಂದರೆ ಎಡ ಬಲ ಇಲ್ಲದೆ ಎಲ್ಲ ಶಬ್ದವೂ ಒಂದಾಗಿ ಬರುವಂಥವು. ಇಲ್ಲದಿದ್ದರೆ ಹೆಸರಿಗೆ ಮಾತ್ರ ಸ್ಟೀರಿಯೋ. ಎರಡು ಸ್ಪೀಕರ್ ನಡುವೆ ಒಂದು ಗೇಣು ದೂರ ಇದ್ದರೆ ಎಡ ಬಲ ಎಲ್ಲಿಂದ ಬರಬೇಕು?

ನಾವು ಮಿಕ್ಸ್ ಮಾಡುವುದು, ಅಂದರೆ ರೆಕಾರ್ಡ್ ಮಾಡಿದ ದನಿ ವಾದ್ಯಗಳನ್ನು ಹದವಾಗಿ ಸೇರಿಸುವುದು ಹೇಗೆ? ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿ, ಗಿಟಾರನ್ನು ಎಡಕ್ಕೆ ತಳ್ಳಿ, ಕೀಬೋರ್ಡನ್ನು ಬಲಕ್ಕೆ ತಳ್ಳಿ, ಕೋರಸ್ಸನ್ನು ಎರಡೂ ಕಡೆ ಹರಡಿ. ನಮಗೆ ಖುಷಿ. ಆದರೆ ಆ ಹಾಡು ಹೋಗಿ ಸೇರುವುದು ಅದೇ ಕಿಟಕಿಯ ಫೋನಿಗೆ. ಅಲ್ಲಿ ಕೇಳಿದರೆ ಗಿಟಾರ್ ಎಲ್ಲೋ ಹೂತುಹೋಗಿದೆ, ಕೋರಸ್ ಇಲ್ಲವೇ ಇಲ್ಲ.

ನಾನು ಇವತ್ತು ಹೇಳಬೇಕು ಅಂತಿರುವುದು ಇಷ್ಟು: ಹಾಡನ್ನು ಮೊದಲು ಮೋನೋದಲ್ಲಿ ಮಿಕ್ಸ್ ಮಾಡಿ ನಿಲ್ಲಿಸಿ. ಅಗಲ ಮಾಡುವುದು ಆಮೇಲೆ. ಸ್ಟೀರಿಯೋ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ನಮ್ಮಲ್ಲೇ ಕೆಲವು ಸಂಗೀತವನ್ನು ಸ್ಟೀರಿಯೋದಲ್ಲಿ ಹಿಡಿಯದಿದ್ದರೆ ಅರ್ಧ ಹೋದಂತೆ. ಆ ವಿಷಯಕ್ಕೂ ಬರುತ್ತೇನೆ.

ಕೂಡಿಸುವ ಲೆಕ್ಕ, ಕಳೆಯುವ ಲೆಕ್ಕ

ಸ್ಟೀರಿಯೋ ಅಂದರೆ ಎರಡು ಚಾನೆಲ್, ಮೋನೋ ಅಂದರೆ ಒಂದು. ಇದು ಎಲ್ಲರಿಗೂ ಗೊತ್ತು. ಮಿಕ್ಸ್ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಲೆಕ್ಕ ಬೇರೆ ಇದೆ. ಎಡ ಮತ್ತು ಬಲವನ್ನು ಕೂಡಿಸಿ, ಅದು ಮೊತ್ತ. ಎಡದಿಂದ ಬಲವನ್ನು ಕಳೆಯಿರಿ, ಅದು ವ್ಯತ್ಯಾಸ. ಈ ಎರಡು ಕೈಯಲ್ಲಿದ್ದರೆ ಎಡ ಬಲ ಎರಡನ್ನೂ ಮತ್ತೆ ಹೊರಗೆ ತೆಗೆಯಬಹುದು. ಮೋನೋ ಸ್ಪೀಕರಿಗೆ ಹೋಗುವುದು ಮೊತ್ತ ಮಾತ್ರ. ವ್ಯತ್ಯಾಸ ಪೂರ್ತಿ ಬಿದ್ದುಹೋಗುತ್ತದೆ. ಹಾಗಾಗಿ ಮೋನೋ ಚೆಕ್ ಮಾಡುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಹಾಡಿಗೆ ಬೇಕೇ ಬೇಕಾದ ಯಾವುದನ್ನಾದರೂ ನಾನು ವ್ಯತ್ಯಾಸದಲ್ಲಿ ಇಟ್ಟುಬಿಟ್ಟಿದ್ದೇನೆಯೇ?

ಸ್ಟೀರಿಯೋ ಕಟ್ಟಿದವರೂ ಇದೇ ಲೆಕ್ಕದ ಮೇಲೆ ಕಟ್ಟಿದರು. ಬ್ರಿಟನ್ನಿನ ಇಎಂಐ ರೆಕಾರ್ಡ್ ಕಂಪನಿಯ ಎಂಜಿನಿಯರ್ ಆಲನ್ ಬ್ಲಮ್ಲೈನ್ 1931ರ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಗ್ರಾಮಫೋನ್ ತಟ್ಟೆಯ ಒಂದೇ ತೋಡಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೊರೆಯುವ ಯೋಚನೆ ಅದರಲ್ಲೇ ಇತ್ತು. ರೇಡಾರ್ ಪರೀಕ್ಷೆಯ ವಿಮಾನ ಬಿದ್ದು 1942ರಲ್ಲಿ ಅವರು ತೀರಿಕೊಂಡರು. ಸ್ಟೀರಿಯೋ ಎಲ್‌ಪಿಗಳು ಅಂಗಡಿಗಳಲ್ಲಿ ಎಲ್ಲ ಕಡೆ ಸಿಗತೊಡಗಿದ್ದು 1958ರ ಹೊತ್ತಿಗೆ. ಆ ಎಲ್‌ಪಿಯಲ್ಲಿ ಮುಳ್ಳು ಅಡ್ಡಕ್ಕೆ ಓಡಾಡಿದರೆ ಮೊತ್ತ, ಮೇಲೆ ಕೆಳಗೆ ಓಡಾಡಿದರೆ ವ್ಯತ್ಯಾಸ. ತಗ್ಗಿನ ಬೇಸ್ ಜಾಸ್ತಿ ವ್ಯತ್ಯಾಸಕ್ಕೆ ಹೋದರೆ ಮುಳ್ಳು ತೋಡಿನಿಂದಲೇ ಹಾರುತ್ತಿತ್ತು. ಅದಕ್ಕೇ ಬೇಸನ್ನು ನಡುವೆ ಇಡುವ ಅಭ್ಯಾಸ ಗಟ್ಟಿಯಾಯಿತು. ಈಗ ಮುಳ್ಳಿನ ಭಯ ಇಲ್ಲ. ಆದರೂ ಆ ಅಭ್ಯಾಸ ಬಿಡಬೇಡಿ.

ಎಫ್‌ಎಂ ಕೂಡ ಹಾಗೇ. ಅಮೆರಿಕದಲ್ಲಿ 1961ರಲ್ಲಿ ಒಪ್ಪಿಗೆ ಸಿಕ್ಕಿದ ಪದ್ಧತಿಯಲ್ಲಿ ಮೊತ್ತ ಮಾಮೂಲಿ ಜಾಗದಲ್ಲೇ ಹೋಗುತ್ತದೆ. ವ್ಯತ್ಯಾಸ 38 ಕಿಲೋಹರ್ಟ್ಸ್‌ನ ಇನ್ನೊಂದು ಅಲೆಯ ಮೇಲೆ ಸವಾರಿ ಮಾಡಿ ಬರುತ್ತದೆ. ಹಳೆಯ ಮೋನೋ ರೇಡಿಯೋಗೆ ಆ ಎರಡನೆಯದು ಕಾಣುವುದೇ ಇಲ್ಲ. ವ್ಯತ್ಯಾಸವನ್ನು ಬಿಡಿಸಿ ಕೇಳಲು ಸಿಗ್ನಲ್ ಚೆನ್ನಾಗಿರಬೇಕು. ಸಿಗ್ನಲ್ ತಗ್ಗಿದರೆ ಅದರಲ್ಲೇ ಜಾಸ್ತಿ ಗೊರಗೊರ. ಸಂಪಾಜೆ ಘಾಟಿ ಇಳಿಯುವಾಗ ಗಮನಿಸಿ. ಗುಡ್ಡ ಅಡ್ಡ ಬಂದ ಕೂಡಲೇ ಕಾರಿನ ರೇಡಿಯೋ ಯಾರನ್ನೂ ಕೇಳದೆ ಮೋನೋಗೆ ಇಳಿದಿರುತ್ತದೆ. ತಿರುವು ದಾಟಿದ ಮೇಲೆ ಮತ್ತೆ ಅಗಲವಾಗುತ್ತದೆ. ಒಂದೇ ಹಾಡಿನೊಳಗೆ ನಿಮ್ಮ ಎರಡೂ ಮಿಕ್ಸ್ ಕೇಳುಗರಿಗೆ ಸಿಗುತ್ತಿವೆ! ಗುಡ್ಡದ ಸೀಮೆಯವರು ಮೋನೋ ಬಗ್ಗೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು.

ಮೋನೋ ಅಂದರೆ ಬಡವರ ಸ್ಟೀರಿಯೋ ಅಂತ ಯಾರಾದರೂ ಅಂದರೆ ಬೀಟಲ್ಸ್ ನೆನಪಿಸಿ. 1967ರಲ್ಲೂ ಆ ತಂಡ ಹತ್ತಿರ ಕೂತು ತಿದ್ದಿಸುತ್ತಿದ್ದುದು ಮೋನೋ ಮಿಕ್ಸನ್ನು. ಸ್ಟೀರಿಯೋ ಮಿಕ್ಸನ್ನು ಆಮೇಲೆ ಎಂಜಿನಿಯರ್‌ಗಳು ಬೇಗ ಮುಗಿಸುತ್ತಿದ್ದರು. ಕೇಳುವವರ ಮನೆಯಲ್ಲಿ ಇದ್ದದ್ದು ಮೋನೋ ಪ್ಲೇಯರ್, ಅದಕ್ಕೆ. ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್‌ಗೆ ಒಂದು ಕಿವಿ ಕೇಳುತ್ತಲೇ ಇರಲಿಲ್ಲ ಅನ್ನಬಹುದು. ಅವರು ಮೋನೋದಲ್ಲಿ ಮಾಡಿದ ಮಿಕ್ಸ್‌ಗಳನ್ನು ಇವತ್ತಿಗೂ ಜನ ಕೂತು ಕಲಿಯುತ್ತಾರೆ.

ನಡುವಿನದು ದಪ್ಪ, ಬದಿಯದು ಸಣ್ಣ

ಮೋನೋ ಮಾಡಿದ ಕೂಡಲೇ ಮೊದಲು ಬದಲಾಗುವುದು ಲೆವೆಲ್. ದನಿ ನಡುವೆ ಇದೆ, ಅಂದರೆ ಎಡದಲ್ಲೂ ಬಲದಲ್ಲೂ ಒಂದೇ ದನಿ. ಅವೆರಡು ಕೂಡಿದರೆ 6 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಏರುತ್ತದೆ. ಪೂರ್ತಿ ಎಡಕ್ಕೆ ತಳ್ಳಿದ ಗಿಟಾರ್ ಇರುವುದು ಒಂದರಲ್ಲಿ ಮಾತ್ರ, ಅದು ಏರುವುದಿಲ್ಲ. ರೂಮಿನಲ್ಲಿ ಎರಡು ಸ್ಪೀಕರಿನಿಂದ ಕೇಳುವಾಗ ನಡುವಿನ ದನಿಗೆ ಸಿಗುತ್ತಿದ್ದ ಲಾಭ ಸುಮಾರು 3 ಡಿಬಿ. ಈಗ 6 ಆಯಿತು. ಅಂದರೆ ದನಿಯ ಎದುರು ಗಿಟಾರ್ ಸುಮಾರು 3 ಡಿಬಿ ಹಿಂದೆ ಹೋಯಿತು. ನೀವು ಯಾವ ಫೇಡರನ್ನೂ (ಜೋರು ಏರಿಸಿ ಇಳಿಸುವ ಜಾರುಗುಂಡಿ) ಮುಟ್ಟಿಲ್ಲ. ಸ್ಟೀರಿಯೋ ರಿವರ್ಬ್ (ದನಿಗೆ ಸೇರಿಸುವ ಪ್ರತಿಧ್ವನಿ) ಕೂಡ ಇದೇ ಕಾರಣಕ್ಕೆ ತಗ್ಗುತ್ತದೆ.

ಇದು ಸಣ್ಣ ತೊಂದರೆ. ದೊಡ್ಡದು ಫೇಸ್, ಅಂದರೆ ಎರಡು ಅಲೆಗಳ ಏರಿಳಿತದ ಹೊಂದಾಣಿಕೆ.

ಒಂದೇ ಶಬ್ದ ಎಡದಲ್ಲಿ ಮುಂದಕ್ಕೆ ಒತ್ತುವಾಗ ಬಲದಲ್ಲಿ ಹಿಂದಕ್ಕೆ ಎಳೆಯುತ್ತಿದ್ದರೆ, ಕೂಡಿಸಿದಾಗ ಉಳಿಯುವುದು ಸೊನ್ನೆ. ಒಂದು ಉಯ್ಯಾಲೆಯನ್ನು ಇಬ್ಬರು ಎದುರುಬದುರು ನಿಂತು ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ತಳ್ಳಿದ ಹಾಗೆ. ಇಬ್ಬರಿಗೂ ಬೆವರು, ಉಯ್ಯಾಲೆ ನಿಂತಲ್ಲೇ. ಹೆಡ್‌ಫೋನಿನಲ್ಲಿ ಮಾತ್ರ ಇದು ಗೊತ್ತಾಗುವುದಿಲ್ಲ. ಒಂದೊಂದು ಕಿವಿಗೆ ಒಂದೊಂದು ಹೋಗುತ್ತದೆ, ನಡುವೆ ಎಲ್ಲೂ ಕೂಡುವುದಿಲ್ಲ. ಬದಲಿಗೆ "ಆಹಾ ಎಷ್ಟು ಅಗಲ" ಅನ್ನಿಸುತ್ತದೆ. ಶಬ್ದವನ್ನು ಅಗಲ ಮಾಡುವ ಸಾಫ್ಟ್‌ವೇರ್‌ಗಳು, ಬಹಳಷ್ಟು ವೈಡನರ್ ಪ್ಲಗಿನ್‌ಗಳು, ಮಾರುವುದು ಇದೇ ಆಹಾವನ್ನು.

ಇನ್ನೊಂದು ಉಪಾಯ ವೀಡಿಯೋಗಳಲ್ಲಿ ತುಂಬಾ ಓಡುತ್ತದೆ. ಒಂದು ಗಿಟಾರ್ ಟ್ರ್ಯಾಕನ್ನು ಕಾಪಿ ಮಾಡಿ, ಕಾಪಿಯನ್ನು 10 ಮಿಲಿಸೆಕೆಂಡ್ ತಡ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕುವುದು. ಹೆಲ್ಮುಟ್ ಹಾಸ್ 1949ರಲ್ಲಿ ಇಂಥ ತಡದ ಮೇಲೆ ಸಂಶೋಧನೆ ಬರೆದಿದ್ದರು. ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತದೆ, ಹಿಂದೆ ಬಂದದ್ದನ್ನು ಅದರೊಳಗೆ ಸೇರಿಸಿಕೊಳ್ಳುತ್ತದೆ. ವಿಜ್ಞಾನ ಸರಿಯೇ ಇದೆ. ಆದರೆ ಮೋನೋ ಮಾಡಿ ನೋಡಿ. 10 ಮಿಲಿಸೆಕೆಂಡ್ ತಡ ಅಂದರೆ 50 ಹರ್ಟ್ಸ್‌ನಲ್ಲಿ ಒಂದು ಹೊಂಡ (ಆ ಸ್ವರ ಅಳಿಸಿಹೋಗುವ ಜಾಗ), 150ರಲ್ಲಿ ಒಂದು, 250ರಲ್ಲಿ ಒಂದು, ಹೀಗೆ ನೂರು ನೂರಕ್ಕೆ ಮೇಲಿನ ತನಕ ಹೊಂಡಗಳು. ಗಿಟಾರ್ ಟೊಳ್ಳಾಗಿ ಬರುತ್ತದೆ. ಅಗಲ ಬೇಕಾ? ಇನ್ನೊಂದು ಸಲ ನುಡಿಸಿ. ಎರಡು ಸಲ ನುಡಿಸಿದ್ದು ಎಂದೂ ಅಚ್ಚು ಒಂದೇ ಆಗುವುದಿಲ್ಲ. ಅವು ಕೂಡಿದರೂ ಹೀಗೆ ಸಾಲಾಗಿ ಹೊಂಡ ಬೀಳುವುದಿಲ್ಲ. ಸೋಮಾರಿತನಕ್ಕೆ ಪ್ಲಗಿನ್ ಇದೆ, ಆದರೆ ಅದರ ಬೆಲೆ ಕಿಟಕಿಯ ಫೋನಿನಲ್ಲಿ ಕಟ್ಟಬೇಕಾಗುತ್ತದೆ.

ನಾಲ್ವರು, ನಾಲ್ಕು ದುಡಿ

ಈಗ ನಮ್ಮದೇ ಉದಾಹರಣೆಗೆ ಬರೋಣ. ಬಾಳೋಪಾಟ್, ಕೊಡವರ ಸಾಂಪ್ರದಾಯಿಕ ಹಾಡು. ನಾಲ್ವರು ನಿಲ್ಲುತ್ತಾರೆ. ಕೈಯಲ್ಲಿ ದುಡಿ ಎಂಬ ಸಣ್ಣ ಚರ್ಮವಾದ್ಯ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಇದನ್ನು ರೆಕಾರ್ಡ್ ಮಾಡಿದ ಹುಡುಗರಿಗೆಲ್ಲ ಹೊಳೆಯುವುದು ಒಂದೇ: ಮೊದಲ ಜೋಡಿ ಎಡಕ್ಕೆ, ಎರಡನೇ ಜೋಡಿ ಬಲಕ್ಕೆ. ಕಾಗದದ ಮೇಲೆ ಚೆನ್ನಾಗಿದೆ. ಹೆಡ್‌ಫೋನಿನಲ್ಲೂ ಚೆನ್ನಾಗಿದೆ, ಎರಡು ನಿಮಿಷ. ಆಮೇಲೆ ಟೆನಿಸ್ ಮ್ಯಾಚ್ ನೋಡುವವರ ಕುತ್ತಿಗೆ ನಮ್ಮದಾಗುತ್ತದೆ.

ಮೋನೋದಲ್ಲಿ ಏನಾಗುತ್ತದೆ? ಎರಡೂ ಜೋಡಿ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಯಾರು ಹೇಳಿದರು, ಯಾರು ಎತ್ತಿಕೊಂಡರು ಗೊತ್ತಾಗುವುದಿಲ್ಲ. ಆಗ ನಾವು ಯೋಚನೆ ಮಾಡಬೇಕಾಗುತ್ತದೆ. ಮನೆಯ ಅಂಗಳದಲ್ಲಿ ನಿಂತು ಕೇಳುವಾಗ ಎರಡು ಜೋಡಿಯನ್ನು ನಾವು ಹೇಗೆ ಬೇರೆ ಮಾಡಿಕೊಳ್ಳುತ್ತೇವೆ? ದಿಕ್ಕಿನಿಂದ ಸ್ವಲ್ಪ. ಜಾಸ್ತಿ ಗೊತ್ತಾಗುವುದು ದನಿಯ ಬಣ್ಣದಿಂದ. ಮುಂದೆ ಹೇಳುವವರದ್ದು ಹೆಚ್ಚಾಗಿ ಪಳಗಿದ, ಚೂಪಾದ ದನಿ. ಎತ್ತಿಕೊಳ್ಳುವವರದ್ದು ಅದರ ಬೆನ್ನಿಗೆ ಬರುತ್ತದೆ. ಮೋನೋದಲ್ಲಿ ಆ ಬಣ್ಣವನ್ನು ನೀವು ಕಾಪಾಡಬೇಕು. ನಾಲ್ವರಿಗೂ ಒಂದೇ ಈಕ್ಯೂ (ತಗ್ಗು, ನಡು, ಮೇಲಿನ ಸ್ವರಗಳ ಜೋರು ಹೊಂದಿಸುವುದು) ಹಾಕಿ ನಯ ಮಾಡಿದರೆ ಅದು ಹೋಯಿತು. ನಾನು ಮಾಡುವುದು: ಮೊದಲ ಜೋಡಿಯನ್ನು ಒಣಗಿಸಿ, ಅಂದರೆ ಪ್ರತಿಧ್ವನಿ ಇಲ್ಲದೆ, ಹತ್ತಿರ ಇಡುತ್ತೇನೆ. ಎರಡನೇ ಜೋಡಿಯಲ್ಲಿ ಮೇಲಿನ ಹೊಳಪನ್ನು ಒಂದೆರಡು ಡಿಬಿ ತಗ್ಗಿಸಿ, ಅಂಗಳದ ಗಾಳಿ ಸ್ವಲ್ಪ ಸೇರಿಸಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಿಸುತ್ತೇನೆ. ಈಗ ಒಂದೇ ಬಾಕ್ಸಿನಲ್ಲೂ ಎರಡು ಜೋಡಿ ಕೇಳಿಸುತ್ತವೆ. ಇದಾದ ಮೇಲೆ ಸ್ಟೀರಿಯೋಗೆ ಹೋಗಿ ಒಂದು ಜೋಡಿಯನ್ನು ಚೂರು ಎಡಕ್ಕೆ, ಇನ್ನೊಂದನ್ನು ಚೂರು ಬಲಕ್ಕೆ ಸರಿಸಿದರೆ ಸಾಕು. ಪೂರ್ತಿ ತಳ್ಳಬೇಕು ಅನ್ನಿಸುವುದೇ ಇಲ್ಲ.

ಮೋನೋ ನನಗೆ ಕಲಿಸಿದ್ದು ಇದನ್ನೇ. ಎಡ ಬಲ ಕಿತ್ತುಕೊಂಡರೆ ಉಳಿಯುವುದು ಹತ್ತಿರ ಮತ್ತು ದೂರ. ನಾವು ಅದನ್ನು ಬಳಸುವುದೇ ಕಡಿಮೆ.

ಇನ್ನು ಮೈಕ್. ಹಾಡುವವರ ಬಾಯಿಗೆ ಒಂದು ಮೈಕ್, ದುಡಿಗೆ ಒಂದು ಮೈಕ್ ಇಟ್ಟಿದ್ದೀರಿ. ಬಾಯಿಯ ದನಿ ದುಡಿಯ ಮೈಕಿಗೂ ಹೋಗುತ್ತದೆ, ಸ್ವಲ್ಪ ತಡವಾಗಿ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಹೋಗುವುದು ಸುಮಾರು 34 ಸೆಂಟಿಮೀಟರ್. ಎರಡು ಮೈಕಿಗೂ ಬಾಯಿಗೂ ಇರುವ ದೂರದಲ್ಲಿ ಅಷ್ಟು ವ್ಯತ್ಯಾಸ ಇದ್ದರೆ, ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳಲ್ಲಿ ದನಿಗೆ ಹೊಂಡ. ಮಾತಿನ ಅಕ್ಷರಗಳು ಬದುಕುವುದೇ ಆ ಸುತ್ತಿನಲ್ಲಿ. ದುಡಿಯ ಮೈಕನ್ನು ಎತ್ತಿದಷ್ಟೂ ಹೊಂಡ ಆಳ. ಹಾಗಾಗಿ ದುಡಿ ಜಾಸ್ತಿ ಮಾಡಿದ ಕೂಡಲೇ ಹಾಡು ಯಾಕೋ ಮಂಕಾಯಿತು ಅನ್ನಿಸುವುದು. ಹಳೆಯ ನಿಯಮ ಇದೆ: ಒಂದು ಮೈಕ್ ತನ್ನ ಮೂಲದಿಂದ ಎಷ್ಟು ದೂರವೋ, ಪಕ್ಕದ ಮೈಕ್ ಆ ಮೈಕಿನಿಂದ ಕಡೇ ಪಕ್ಷ ಅಷ್ಟರ ಮೂರು ಪಟ್ಟು ದೂರ ಇರಲಿ. ಆಗ ಸೋರಿಕೆ ಸುಮಾರು ಒಂಬತ್ತೂವರೆ ಡಿಬಿ ತಗ್ಗಿ ಬರುತ್ತದೆ, ಹೊಂಡ ಆಳವಾಗುವುದಿಲ್ಲ. ಹಾಡುತ್ತಾ ನುಡಿಸುವವರ ಕೈಯಲ್ಲೇ ದುಡಿ ಇರುವಾಗ ಈ ನಿಯಮ ಕೂಡಿಬರುವುದಿಲ್ಲ. ಅಲ್ಲಿ ನನ್ನ ಸಲಹೆ: ಒಂದೇ ಮೈಕ್ ಇಡಿ. ಜನರನ್ನು ಹಿಂದೆ ಮುಂದೆ ಸರಿಸಿ ಹದ ಮಾಡಿ. ನಾಲ್ವರಿಗೂ ಅದು ಇಷ್ಟವಾಗುತ್ತದೆ, ಯಾಕೆಂದರೆ ಒಬ್ಬರನ್ನೊಬ್ಬರು ನೋಡಿಕೊಂಡು ಹಾಡಬಹುದು.

ಕೇಬಲ್ಲಿನ ಕಾಟ

ಮೈಕ್ ಸೆಟ್‌ನವರು ಕೂತಿದ್ದೀರಿ, ನಿಮಗೆ ಬೇಕಾದ್ದು ಈಗ ಬರುತ್ತದೆ.

ಮದುವೆ ಮನೆಯಲ್ಲಿ ಯಾರೋ ಫೋನ್ ತಂದು ಹಾಡು ಹಾಕಿ ಅನ್ನುತ್ತಾರೆ. ಫೋನಿನ ಜ್ಯಾಕಿನಿಂದ ನೇರ ಮಿಕ್ಸರಿನ ಒಂದು ಚಾನೆಲ್‌ಗೆ ಕೇಬಲ್. ತಾಳ ಬರುತ್ತದೆ, ಗಿಟಾರ್ ಬರುತ್ತದೆ, ಹಾಡುಗಾರ ನಾಪತ್ತೆ! ಫೋನ್ ಹಾಳು ಅನ್ನುತ್ತಾರೆ, ಫೈಲ್ ಹಾಳು ಅನ್ನುತ್ತಾರೆ. ಯಾವುದೂ ಹಾಳಲ್ಲ. ಫೋನಿನ ಪಿನ್ನಿನ ತುದಿಯಲ್ಲಿ ಎಡ, ಉಂಗುರದಲ್ಲಿ ಬಲ. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಆ ಎರಡನ್ನು ಕೂಡಿಸುವುದಿಲ್ಲ, ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಕೇಬಲ್ಲಿನ ಗಲಾಟೆ ಕಡಿಮೆ ಮಾಡಲು ಇರುವ ಏರ್ಪಾಡು ಅದು. ನಡುವಿನ ದನಿ ಎರಡರಲ್ಲೂ ಒಂದೇ, ಹಾಗಾಗಿ ಸೊನ್ನೆ. ಆಗಲೇ ಹೇಳಿದ ಲೆಕ್ಕದಲ್ಲಿ ಮೊತ್ತ ಬಿದ್ದುಹೋಗಿ ವ್ಯತ್ಯಾಸ ಉಳಿಯಿತು. ಮಿಕ್ಸ್ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಬದುಕುವುದಿಲ್ಲ. ಔಷಧ ಸುಲಭ. ಒಂದು ಪಿನ್ ಎರಡಾಗಿ ಒಡೆಯುವ ಕೇಬಲ್ ಹಾಕಿ ಎರಡು ಚಾನೆಲ್ ಬಳಸಿ. ಚಾನೆಲ್ ಇಲ್ಲದಿದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಆನ್ ಮಾಡಿ, ಅದೇ ಒಡೆದ ಕೇಬಲ್ಲಿನ ಒಂದು ಕಾಲನ್ನು ಮಾತ್ರ ಚುಚ್ಚಿ.

ಎರಡನೆಯದು ಬಾಕ್ಸಿನ ವಯರ್. ವೇದಿಕೆಯ ಎರಡು ಬದಿಯ ಬಾಕ್ಸುಗಳಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಅದಲುಬದಲಾದರೆ ನಡುವೆ ನಿಂತವರಿಗೆ ಬೇಸ್ ಮಾಯ. ಪರೀಕ್ಷೆ ಮಾಡಲು ಮೀಟರ್ ಬೇಡ. ಒಂದು ಮೈಕಿನಲ್ಲಿ ಮಾತಾಡಿಸಿ, ಎರಡು ಬಾಕ್ಸಿನ ಸರಿ ನಡುವೆ ನಿಲ್ಲಿ. ಆಂಪ್ಲಿಫೈಯರ್ ಆಫ್ ಮಾಡಿ ಒಂದು ಬಾಕ್ಸಿನ ವಯರ್ ತಿರುಗಿಸಿ, ಮತ್ತೆ ಆನ್ ಮಾಡಿ ಕೇಳಿ. ಯಾವುದರಲ್ಲಿ ದನಿ ದಪ್ಪವಾಗಿ ನಡುವಿನಿಂದ ಬಂತೋ ಅದು ಸರಿ.

ಕೀಬೋರ್ಡಿನವರಿಗೆ ಒಂದೇ ಮಾತು. ಒಂದೇ ಕೇಬಲ್ ಇದ್ದರೆ ಎಲ್ ಸ್ಲಾಶ್ ಮೋನೋ ಅಂತ ಬರೆದಿರುವ ತೂತಿಗೆ ಹಾಕಿ. ಬಲದ್ದಕ್ಕೆ ಹಾಕಬೇಡಿ.

ದಶಮಂಟಪದ ರಾತ್ರಿ

ಮಡಿಕೇರಿ ದಸರಾ ಮಂಟಪಗಳಿಗೆ ಆಡಿಯೋ ಟ್ರ್ಯಾಕ್ ಮಾಡುವ ಕೆಲಸ ನಮ್ಮ ಊರಿನ ಎಂಜಿನಿಯರ್‌ಗೆ ಸಿಗುವ ಒಳ್ಳೆಯ ಪರೀಕ್ಷೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನದ ಮಂಟಪಗಳು ಹೊರಡುತ್ತವೆ. ಒಂದೊಂದರಲ್ಲೂ ಒಂದು ಕಥೆ, ದೇವರು, ರಾಕ್ಷಸ, ಮಾತು, ಸಂಗೀತ, ಗುಡುಗು. ಒಬ್ಬ ತಮ್ಮ ನನ್ನ ಹತ್ತಿರ ಬಂದು ಕೇಳಿದ:

"ಅಣ್ಣ, ರಾಕ್ಷಸನ ನಗು ಎಡದಿಂದ ಬಲಕ್ಕೆ ಓಡಬೇಕು."

"ಓಡಿಸೋಣ. ಜನ ಎಲ್ಲಿ ನಿಂತಿರುತ್ತಾರೆ?"

"ರಸ್ತೆ ಎರಡೂ ಬದಿ."

"ನಡುವೆ?"

"ನಡುವೆ ಟ್ರ್ಯಾಕ್ಟರ್."

ಅಷ್ಟೇ. ಎಡದ ಬಾಕ್ಸ್ ಎಡ ಬದಿಯ ಜನಕ್ಕೆ, ಬಲದ್ದು ಬಲ ಬದಿಯವರಿಗೆ. ನಗು ಓಡಿದರೆ ಒಂದು ಬದಿಯವರಿಗೆ ಶುರು ಮಾತ್ರ, ಇನ್ನೊಂದು ಬದಿಯವರಿಗೆ ಕೊನೆ ಮಾತ್ರ. ಎರಡೂ ಬಾಕ್ಸಿಗೆ ಒಂದೇ ಟ್ರ್ಯಾಕ್ ಕೊಡಬೇಕು. ಓಟ ಬೇಕಾದರೆ ದೂರದಿಂದ ಹತ್ತಿರಕ್ಕೆ ಓಡಿಸಿ. ಮೊದಲು ಮಂಕಾಗಿ, ಪ್ರತಿಧ್ವನಿ ತುಂಬಿ, ಸಣ್ಣದಾಗಿ. ಆಮೇಲೆ ಒಮ್ಮೆಗೇ ಒಣಗಿ, ಹೊಳಪಾಗಿ, ಕಿವಿಯ ಪಕ್ಕ. ಮಕ್ಕಳು ಹೆದರುವುದು ಇದಕ್ಕೇ. ಜೊತೆಗೆ ಹಿಂದಿನ ಮಂಟಪದ ಶಬ್ದವೂ ಬಂದು ಮೇಲೆ ಬೀಳುತ್ತಿರುತ್ತದೆ. ಅಂಥಲ್ಲಿ ಉಳಿಯುವುದು ಮಾತು ನೆಟ್ಟಗೆ ನಡುವೆ ನಿಂತ ಟ್ರ್ಯಾಕ್ ಮಾತ್ರ.

(ವಾಲ್ಯೂಮ್ ಎಷ್ಟಿರಬೇಕು ಎನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅದಕ್ಕೆ ಇನ್ನೊಂದು ಸಂಜೆ ಬೇಕು, ಒಬ್ಬ ಪೊಲೀಸರೂ ಬೇಕು.)

ಕೂತು ಮಾಡುವ ಕ್ರಮ

ಎರಡು ಸ್ಪೀಕರಿನಲ್ಲಿ ಮೋನೋ ಬಟನ್ ಒತ್ತಿದರೆ ಅರ್ಧ ಕೆಲಸ. ಆಗಲೂ ದನಿ ಎರಡು ಕಡೆಯಿಂದ ಬಂದು ನಡುವೆ ಇದ್ದಂತೆ ಭ್ರಮೆ ಹುಟ್ಟಿಸುತ್ತದೆ. ಒಂದು ಸ್ಪೀಕರ್ ಆಫ್ ಮಾಡಿ. ಒಂದೇ ಬಾಕ್ಸಿನಲ್ಲಿ, ಸಣ್ಣ ವಾಲ್ಯೂಮಿನಲ್ಲಿ ಕೇಳಿ. ದೊಡ್ಡ ಸ್ಟುಡಿಯೋಗಳಲ್ಲಿ ಆರಾಟೋನ್ ಅಂತ ಐದಿಂಚಿನ ಒಂದೇ ಕೋನ್ ಇರುವ ಚೌಕಾಕಾರದ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. ಅದರಲ್ಲಿ ಬೇಸ್ ಇಲ್ಲ, ಹೊಳಪಿಲ್ಲ, ಬರೀ ನಡುವಿನ ಸುತ್ತು. ನಿಮ್ಮ ಹತ್ತಿರ ಇರುವ ಹಳೇ ರೇಡಿಯೋಗೆ ಆಕ್ಸ್ (ಹೊರಗಿನಿಂದ ಹಾಡು ಕೊಡುವ ತೂತು) ಇದ್ದರೆ ಅದೇ ಆಗುತ್ತದೆ.

ಎಲ್ಲವೂ ಒಂದೇ ತೂತಿನಿಂದ ಬರುವಾಗ ಜಗಳ ಬಯಲಾಗುತ್ತದೆ. ವಾಲಗದ ಪಕ್ಕದಲ್ಲಿ ಹಾಡುಗಾರ್ತಿಯ ದನಿ ಯಾಕೆ ಕೇಳುತ್ತಿಲ್ಲ? ಎರಡೂ ಒಂದೇ ಎತ್ತರದಲ್ಲಿ ಕೂಗುತ್ತಿವೆ. ಸ್ಟೀರಿಯೋದಲ್ಲಿ ಇದ್ದರೆ ವಾಲಗವನ್ನು ಬದಿಗೆ ತಳ್ಳಿ ಕೈತೊಳೆದುಕೊಳ್ಳುತ್ತಿದ್ದಿರಿ. ಈಗ ಒಬ್ಬರಿಗೆ ಜಾಗ ಬಿಡಲೇಬೇಕು. ಈಕ್ಯೂ ಮಾಡಿ, ಇಲ್ಲ ಫೇಡರ್ ಇಳಿಸಿ. ಎಷ್ಟೋ ಸಲ ಸರಿಯಾದ ಉತ್ತರ ಹಾಡಿನ ಜೋಡಣೆಯಲ್ಲೇ ಇರುತ್ತದೆ: ದನಿ ಇರುವಾಗ ವಾಲಗ ಸುಮ್ನೆ ಇರಲಿ. ಇದು ಮಿಕ್ಸಿಂಗ್ ಅಲ್ಲ, ವಿವೇಕ ಅಷ್ಟೇ.

ರಿವರ್ಬ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೋನೋದಲ್ಲಿ ಅದರ ಪ್ರಮಾಣ ತಗ್ಗುತ್ತದೆ ಅಂದೆ. ಹಾಗಂತ ಏರಿಸಬೇಡಿ. ತಗ್ಗಿದರೂ ಅದು ದನಿ ಬರುವ ಜಾಗದಿಂದಲೇ ಬರುತ್ತದೆ, ದನಿಯ ಮೇಲೇ ಕೂರುತ್ತದೆ. ಮೋನೋದಲ್ಲಿ ಅಕ್ಷರ ಸ್ಪಷ್ಟವಾಗಿ ಬರುವಷ್ಟು ಇಟ್ಟು ಬಿಡಿ. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಮಳೆ ಉಳಿದ ಸೂಕ್ಷ್ಮಗಳನ್ನೆಲ್ಲ ಹೇಗೂ ನುಂಗುತ್ತದೆ. ಜುಲೈಯಲ್ಲಿ ಒಂದು ಹಾಡು ತೋಟದ ಕಾರ್ಮಿಕರ ಲೈನ್ ಮನೆಯೊಳಗೆ ಅರ್ಥವಾಗಬೇಕಾದರೆ ದನಿ ಎಷ್ಟು ಮುಂದೆ ಇರಬೇಕು ಅಂತ ಒಮ್ಮೆ ಹೋಗಿ ಕೇಳಿ ಬನ್ನಿ.

ಸ್ಟೀರಿಯೋ ಬೇಕೇ ಬೇಕಾದ ಜಾಗ

ಕೊಡವರ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ಕೋಲಾಟ್. ಆಡುವವರು ಸುತ್ತುತ್ತಾರೆ, ಕೋಲಿನ ಏಟುಗಳು ಸುತ್ತುತ್ತವೆ, ವಾದ್ಯ ಒಂದು ಕಡೆ ಇರುತ್ತದೆ. ಇಲ್ಲಿ ಸುತ್ತುವುದೇ ವಿಷಯ. ಮೋನೋದಲ್ಲಿ ಅದು ಬರೀ ಟಕಟಕ. ಇದನ್ನು ಸ್ಟೀರಿಯೋದಲ್ಲೇ ಹಿಡಿಯಿರಿ, ಆದರೆ ಮೋನೋಗೆ ಬಿದ್ದಾಗ ಮುರಿಯದ ರೀತಿಯಲ್ಲಿ. ಎರಡು ಮೈಕನ್ನು ಒಂದು ಮೀಟರ್ ದೂರ ಇಟ್ಟರೆ ಬದಿಯಿಂದ ಬಂದ ಏಟು ಎರಡಕ್ಕೂ ಮುಟ್ಟುವುದರಲ್ಲಿ ಸುಮಾರು 3 ಮಿಲಿಸೆಕೆಂಡ್ ಅಂತರ. ಕೂಡಿಸಿದರೆ ಕೋಲಿನ ಚೂಪು ಹೋಗುತ್ತದೆ. ಅದರ ಬದಲು ಎಕ್ಸ್‌ವೈ ಇಡಿ. ಎರಡು ಮೈಕಿನ ತಲೆ ಒಂದರ ಮೇಲೊಂದು, ಮುಖ ಮಾತ್ರ 90 ಡಿಗ್ರಿ ಬೇರೆ. ಶಬ್ದ ಎರಡಕ್ಕೂ ಒಂದೇ ಹೊತ್ತಿಗೆ ಬರುತ್ತದೆ, ವ್ಯತ್ಯಾಸ ಜೋರಿನಲ್ಲಿ ಮಾತ್ರ. ಕೂಡಿಸಿದರೆ ಏನೂ ಕಳೆಯುವುದಿಲ್ಲ. ಕೈಯಲ್ಲಿ ಹಿಡಿಯುವ ಎಷ್ಟೋ ರೆಕಾರ್ಡರುಗಳ ಮೈಕುಗಳು ಹೀಗೇ ಇರುತ್ತವೆ. ಅದನ್ನು ಸುತ್ತಿನ ಹೊರಗೆ ಸ್ಟ್ಯಾಂಡ್ ಮೇಲೆ ಇಟ್ಟು ಕೈ ಬಿಡಿ. ಜೊತೆಗೆ ತಿರುಗಬೇಡಿ.

ಕೇಳಿದ ಪ್ರಶ್ನೆಗಳಲ್ಲಿ ಮೂರು

"ಈಗಿನವರೆಲ್ಲ ಇಯರ್‌ಫೋನಿನಲ್ಲೇ ಕೇಳುತ್ತಾರಲ್ಲ ಸರ್, ಅದು ಸ್ಟೀರಿಯೋ ಅಲ್ವಾ?"

ಹೌದಮ್ಮ, ಅದಕ್ಕೇ ಸ್ಟೀರಿಯೋ ಬಿಡಬೇಡಿ ಅನ್ನುತ್ತಿದ್ದೇನೆ. ಆದರೆ ವಿರಾಜಪೇಟೆ ಬಸ್ಸಿನಲ್ಲಿ ಕಾಲೇಜು ಹುಡುಗಿಯರನ್ನು ನೋಡಿ. ಒಂದು ಇಯರ್‌ಫೋನ್, ಇಬ್ಬರು ಗೆಳತಿಯರು, ಒಂದೊಂದು ಕಿವಿ. ಇಲ್ಲಿ ಕೂಡಿಸುವುದೂ ಇಲ್ಲ, ಒಬ್ಬಳಿಗೆ ಎಡ, ಇನ್ನೊಬ್ಬಳಿಗೆ ಬಲ. 60ರ ದಶಕದ ಶುರುವಿನ ಕೆಲವು ಸ್ಟೀರಿಯೋ ಎಲ್‌ಪಿಗಳಲ್ಲಿ ದನಿ ಎಲ್ಲ ಒಂದು ಕಡೆ, ವಾದ್ಯ ಎಲ್ಲ ಇನ್ನೊಂದು ಕಡೆ ಇರುತ್ತಿತ್ತು. ಅಂಥ ಹಾಡು ಸಿಕ್ಕರೆ ಒಬ್ಬಳಿಗೆ ಹಾಡು, ಇನ್ನೊಬ್ಬಳಿಗೆ ಬರೀ ತಾಳ. ಹಾಡಿನ ಮುಖ್ಯ ರಾಗವನ್ನು ಒಂದೇ ಬದಿಗೆ ಕಟ್ಟಬೇಡಿ.

"ಕೋರಿಲೇಶನ್ ಮೀಟರ್ ಪ್ಲಸ್ ಒಂದಕ್ಕೇ ಅಂಟಿಕೊಂಡಿರಬೇಕಾ?"

ಬೇಡ. ಎಡ ಬಲ ಎಷ್ಟು ಹೊಂದುತ್ತವೆ ಅಂತ ತೋರಿಸುವ ಮೀಟರ್ ಅದು. ಪ್ಲಸ್ ಒಂದು ಅಂದರೆ ಪೂರ್ತಿ ಮೋನೋ. ಸೊನ್ನೆಯಿಂದ ಮೇಲೆ ಓಡಾಡುತ್ತಿದ್ದರೆ ಸಾಕು. ಆಗಾಗ ಕೆಳಗೆ ಇಣುಕಿದರೆ ಗಾಬರಿ ಬೇಡ. ಮೈನಸ್‌ನಲ್ಲೇ ಮನೆ ಮಾಡಿಕೊಂಡಿದ್ದರೆ ಹುಡುಕಿ. ಮೀಟರ್ ನೋಡುವ ಮೊದಲು ಕಿವಿಯಲ್ಲಿ ಕೇಳಿ.

"ನಮ್ಮ ಅಜ್ಜನವರು ಹಾಡಿದ ಬಾಳೋಪಾಟ್ ಕ್ಯಾಸೆಟ್ ಇದೆ. ಮೋನೋ ರೆಕಾರ್ಡಿಂಗ್. ಅದನ್ನು ಸ್ಟೀರಿಯೋ ಮಾಡಬಹುದಾ?"

ಮಾಡುವ ಸಾಫ್ಟ್‌ವೇರ್ ಇದೆ. ನಾನಾದರೆ ಮಾಡುವುದಿಲ್ಲ. ಅಜ್ಜ ಒಂದು ಕಡೆ ನಿಂತು ಹಾಡಿದ್ದಾರೆ, ಅಲ್ಲೇ ಇರಲಿ. ಅದಕ್ಕಿಂತ ದೊಡ್ಡ ಕೆಲಸ ಬೇರೆ ಇದೆ. ಮೋನೋ ಕ್ಯಾಸೆಟ್ಟನ್ನು ಸ್ಟೀರಿಯೋ ಡೆಕ್ಕಿನಲ್ಲಿ ಹಾಕಿದರೆ ಒಂದೇ ದನಿಯ ಎರಡು ಪ್ರತಿ ಸಿಗುತ್ತವೆ. ಡೆಕ್ಕಿನ ಹೆಡ್ (ಟೇಪ್ ಓದುವ ಭಾಗ) ಚೂರು ವಾಲಿದ್ದರೆ ಎರಡು ಪ್ರತಿಯ ನಡುವೆ ಕೂದಲೆಳೆಯಷ್ಟು ತಡ. ಬೇರೆ ಬೇರೆ ಕೇಳಿದರೆ ಅದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೋನೋ ಮಾಡಿದ ಕೂಡಲೇ ಮೇಲಿನ ಹೊಳಪು ಸತ್ತುಹೋಗುತ್ತದೆ. ಹಾಗಾಗಿ ಮೋನೋ ಒತ್ತಿ ಇಟ್ಟುಕೊಂಡು, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತಾ ಬನ್ನಿ. ದನಿ ಎಲ್ಲಿ ಅತಿ ಹೊಳಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಆಮೇಲೆ ಎರಡೂ ಚಾನೆಲ್ ರೆಕಾರ್ಡ್ ಮಾಡಿಕೊಳ್ಳಿ. ಟೇಪಿನ ಒಂದು ಅಂಚು ಹಾಳಾಗಿದ್ದರೆ ಚೆನ್ನಾಗಿರುವ ಒಂದೇ ಚಾನೆಲ್ ಇಟ್ಟುಕೊಂಡರೂ ಆಯಿತು. ಇದಕ್ಕೆಲ್ಲ ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳ್ಳಗೆ ಬೂಷ್ಟು ಕಾಣುತ್ತಿದೆಯಾ ನೋಡಿ. ನಮ್ಮ ಮಳೆಗಾಲಕ್ಕೆ ಅದು ಬಂದೇ ಬರುತ್ತದೆ. ಬೂಷ್ಟು ಇದ್ದರೆ ಡೆಕ್ಕಿಗೆ ಹಾಕಬೇಡಿ, ಹೆಡ್ಡಿಗೂ ಹತ್ತುತ್ತದೆ. ತೇವ ಇಲ್ಲದ ಡಬ್ಬದಲ್ಲಿ ಇಟ್ಟು, ಟೇಪ್ ಒರೆಸಿ ಕೊಡುವವರ ಹತ್ತಿರ ತೆಗೆದುಕೊಂಡು ಹೋಗಿ.